ಧಾರವಾಡದ ಇತಿಹಾಸ ಮಂಡಳವೂ ಅದರ ಕೆಲಸದ ರೀತಿಯೂ

ಇಸ್ರಾಯೇಲ್ಯರು ಯೊರ್ದನ್ ಹೊಳೆಯನ್ನು ದಾಟಿದ ಮೇಲೆ ಯೆಹೋಶುವನು ಹೊಳೆಯ ನಡುವಿನಿಂದ ಹನ್ನೆರಡು ಕಲ್ಲುಗಳನ್ನು ತರಿಸಿ ಗಿಲ್ಗಾಲಿನಲ್ಲಿ ನಿಲ್ಲಿಸಿದ ಸಂಗತಿಯನ್ನು ನಮ್ಮ ಶಾಲೆಯಲ್ಲಿ ಕಲಿತ ಬಾಲಿಕೆಯರೆಲ್ಲರೂ ಬಲ್ಲರು. ಮುಂದೆ ಹುಟ್ಟುವ ಮಕ್ಕಳು ಆ ಕಲ್ಲುಗಳ ವಿಷಯವಾಗಿ ವಿಚಾರಿಸುವರೆಂದೂ, ಅವರಿಗೆ ಹೇಳತಕ್ಕ ಉತ್ತರವು ಹಿರಿಯರಲ್ಲಿ ಸಿದ್ಧವಾಗಿರಬೇಕೆಂದೂ ಆತನು ತಿಳಿಸಿದನು. ನಮ್ಮ ನಾಡಿನಲ್ಲಿ ಕಲ್ಲುಗಳಿಗೆ ಕೊರತೆಯಿಲ್ಲ. ಊರ ಮುಂದೆ, ಕೆರೆಯ ಏರಿಯ ಮೇಲೆ, ಗುಡಿಯ ಗೋಡೆಯಲ್ಲಿ, ಹೊಲದ ಬದುವಿನಲ್ಲಿ ಬರೆದ ಕಲ್ಲುಗಳು ನಿಂತೇ ಇದ್ದವು. ಕೊರತೆಯಿದ್ದದ್ದು ಉತ್ತರಕ್ಕೆ. ನಮ್ಮ ತಾತಂದಿರ ಕಾಲದಲ್ಲಿ ಇಂಥ ಕಲ್ಲನ್ನು ತೋರಿಸಿ ಕೇಳಿದರೆ, "ಅದು ಪಾಂಡವರು ಬರೆದದ್ದು" ಎಂದೋ, "ಕೆಳಗೆ ಹೊನ್ನಿನ ಕೊಪ್ಪರಿಗೆ ಇದೆಯಂತೆ" ಎಂದೋ ಹೇಳಿ ಮುಂದಕ್ಕೆ ಹೋಗುತ್ತಿದ್ದರು.

ಈ ಕೊರತೆಯನ್ನು ನೀಗುವುದಕ್ಕಾಗಿ ಧಾರವಾಡದಂಥ ಸಣ್ಣ ಪಟ್ಟಣದಲ್ಲಿ ಕೆಲವು ಮಂದಿ ಗೃಹಸ್ಥರು ಒಂದು ಮಂಡಳವನ್ನು ಕಟ್ಟಿದರು. ಅದರ ವೃತ್ತಾಂತವನ್ನೂ, ಅಂಥ ಮಂಡಳಗಳಲ್ಲಿ ಕೆಲಸವು ಯಾವ ರೀತಿಯಿಂದ ನಡೆಯುತ್ತಿತ್ತೆಂಬದನ್ನೂ ಈ ಸಂಚಿಕೆಯ ಓದುಗರಾದ ಹಳೆಯ ವಿದ್ಯಾರ್ಥಿನಿಯರಿಗೂ ಅವರ ತಾಯಿತಂದೆಗಳಿಗೂ ತಿಳಿಸುವದು ನಮ್ಮ ಉದ್ದೇಶ.

1901ನೆಯ ಇಸವಿಯ ಜನಗಣತಿಯಲ್ಲಿ ಧಾರವಾಡದ ಜನಸಂಖ್ಯೆಯು ಮೂವತ್ತು ಸಾವಿರದ ಆಸುಪಾಸಿನಲ್ಲಿತ್ತು. ಆಗ ಅದು ಮುಂಬಯಿ ಇಲಾಖೆಗೆ ಸೇರಿದ ಜಿಲ್ಲೆಯ ಮುಖ್ಯ ಸ್ಥಳ. ಕಚೇರಿ, ಕೋರ್ಟು, ಶಾಲೆಗಳಿದ್ದುದರಿಂದ ವಕೀಲರೂ ಮಾಸ್ತರರೂ ಅಲ್ಲಿ ಬಹಳ. ಕನ್ನಡ ನಾಡಾದರೋ ಮುಂಬಯಿ, ಮದ್ರಾಸು, ನಿಜಾಮರ ಹೈದರಾಬಾದು, ಮೈಸೂರು, ಕೊಡಗು ಎಂದು ಹಂಚಿಹೋಗಿತ್ತು. ಇವುಗಳ ನಡುವೆ ಚಿಕ್ಕ ಸಂಸ್ಥಾನಗಳು ಬೇರೆ. ಒಂದೇ ಮಾತನ್ನಾಡುವ ಜನರು ತಮ್ಮನ್ನು ಒಂದೇ ಜನವೆಂದು ತಿಳಿಯುವದಕ್ಕೆ ಯಾವ ಹೊರಗಿನ ಗುರುತೂ ಉಳಿದಿರಲಿಲ್ಲ. 1890ರಲ್ಲಿ ರಾ. ಹ. ದೇಶಪಾಂಡೆಯವರ ಪ್ರಯತ್ನದಿಂದ ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘವು ಹುಟ್ಟಿತು; 1896ರಿಂದ ಅದರ ವಾಗ್ಭೂಷಣವೆಂಬ ಪತ್ರಿಕೆಯು ಹೊರಡತೊಡಗಿತು. ಆ ಸಂಘದ ದೃಷ್ಟಿಯು ಮುಖ್ಯವಾಗಿ ಭಾಷೆಯ ಮತ್ತು ಗ್ರಂಥಗಳ ಕಡೆಗೆ. ಇತಿಹಾಸದ ಕೆಲಸಕ್ಕೆ ಬೇರೊಂದು ಮನೆ ಬೇಕಾಯಿತು.

ಆ ಮನೆಯನ್ನು ಕಟ್ಟಿದವರಲ್ಲಿ ಆಲೂರ ವೆಂಕಟರಾಯರು ಮೊದಲಿಗರು. ಅವರು 1880ರಲ್ಲಿ ಬಿಜಾಪುರದಲ್ಲಿ ಹುಟ್ಟಿದವರು, ಓದಿನಿಂದ ವಕೀಲರು, 1906ರಿಂದ ವಾಗ್ಭೂಷಣದ ಸಂಪಾದಕರು. 1905ರಲ್ಲಿ ಹಂಪೆಗೆ ಹೋಗಿ ಅಲ್ಲಿಯ ಹಾಳುಬಿದ್ದ ಗುಡಿಗಳನ್ನೂ ಅರಮನೆಗಳನ್ನೂ ಕಂಡಂದಿನಿಂದ ತಮ್ಮ ಮನಸ್ಸು ಬೇರೆಯಾಯಿತೆಂದು ಅವರೇ ಹೇಳಿಕೊಂಡಿದ್ದಾರೆ. ಪುಣೆಯಲ್ಲಿ 1910ರಲ್ಲಿ ರಾಜವಾಡೆಯವರೇ ಮುಂತಾದವರು ಭಾರತ ಇತಿಹಾಸ ಸಂಶೋಧಕ ಮಂಡಳವನ್ನು ಸ್ಥಾಪಿಸಿದ್ದರು. ಧಾರವಾಡದಲ್ಲಿ ಕರ್ನಾಟಕ ಇತಿಹಾಸ ಸಂಶೋಧನ ಮಂಡಳವು 1914ರಲ್ಲಿ ಹುಟ್ಟಿತು. ಹೆಸರಿನ ಹೋಲಿಕೆಯನ್ನು ಓದುಗರೇ ನೋಡಬಹುದು. ನೆರೆಯವರನ್ನು ಕಂಡು ಕಲಿಯುವದರಲ್ಲಿ ನಾಚಿಕೆಪಡತಕ್ಕದ್ದೇನೂ ಇಲ್ಲ. ಮಂಡಳ ಹುಟ್ಟಿದ ಮೂರು ವರುಷಗಳ ತರುವಾಯ, 1917ರಲ್ಲಿ, ಆಲೂರರ ಕರ್ನಾಟಕ ಗತವೈಭವವೆಂಬ ಪುಸ್ತಕವು ಪ್ರಕಟವಾಯಿತು. ಕದಂಬ, ಚಾಲುಕ್ಯ, ರಾಷ್ಟ್ರಕೂಟ, ಹೊಯ್ಸಳ ಎಂಬ ಹೆಸರುಗಳು ಮನೆಯ ಮಾತಾಗುವದಕ್ಕೆ ಅದೇ ಮೊದಲ ಕಾರಣವೆಂದರೆ ಹೆಚ್ಚಾಗದು.

ಹಾಗೆಂದು, ಮಂಡಳದವರಿಗಿಂತ ಮೊದಲು ಯಾರೂ ಈ ಕಲ್ಲುಗಳನ್ನು ಓದಿರಲಿಲ್ಲವೆಂದು ತಿಳಿಯಬಾರದು. 1824ರ ಕಿತ್ತೂರಿನ ಬಂಡಾಯದಲ್ಲಿ ರಾಣಿ ಚೆನ್ನಮ್ಮನವರ ಸೆರೆಯಲ್ಲಿ ಸಿಕ್ಕಿದ ಇಬ್ಬರು ದೊರೆಗಳಲ್ಲಿ ಒಬ್ಬನಾದ ವಾಲ್ಟರ್ ಎಲಿಯಟ್ಟನು, ಬಿಡುಗಡೆಯಾದ ಮೇಲೆ ಇದೇ ಪ್ರಾಂತದಲ್ಲಿ ಅಧಿಕಾರಿಯಾಗಿದ್ದು ಐದುನೂರಕ್ಕೂ ಮಿಕ್ಕಿ ಶಾಸನಗಳ ಪ್ರತಿಗಳನ್ನು ಮಾಡಿಸಿದನು. ತನ್ನನ್ನು ಸೆರೆಹಿಡಿದ ನಾಡಿನ ಚರಿತ್ರೆಯ ಮೇಲೆ ಆತನಿಗೆ ಇಷ್ಟು ಪ್ರೀತಿ ಹುಟ್ಟಿದ್ದು ಸೋಜಿಗವೇ ಸರಿ. ಆ ಬಳಿಕ ಬಂದ ಫ್ಲೀಟ್ ಸಾಹೇಬರು 1872ರಲ್ಲಿ ದಕ್ಷಿಣ ವಿಭಾಗದ ವಿದ್ಯಾ ಇಲಾಖೆಯ ಇನ್‌ಸ್ಪೆಕ್ಟರರಾದರು. ಶಾಲೆಗಳನ್ನು ನೋಡಿಕೊಳ್ಳುವ ಅವರು ಶಾಸನಗಳನ್ನೂ ಓದಿ, 1882ರಲ್ಲಿ ಕನ್ನಡ ಜಿಲ್ಲೆಗಳ ಅರಸುಮನೆತನಗಳ ಚರಿತ್ರೆಯನ್ನು ಬರೆದರು. ಸಂಗೊಳ್ಳಿ ರಾಯಣ್ಣನ ಲಾವಣಿಯನ್ನು ಸಹ ಕೇಳಿ ಬರೆಯಿಸಿ ಅಚ್ಚುಹಾಕಿಸಿದರು. ಮೈಸೂರಿನಲ್ಲಿ ರೈಸ್ ಸಾಹೇಬರು ಎಪಿಗ್ರಾಫಿಯ ಕರ್ನಾಟಿಕ ಎಂಬ ಹನ್ನೆರಡು ಸಂಪುಟಗಳನ್ನು ಹೊರಡಿಸಿದರು. ಬಾಸೆಲ್ ಮಿಶನಿನ ಕಿಟೆಲ್ ಅಯ್ಯನವರು 1894ರಲ್ಲಿ ಪ್ರಕಟಿಸಿದ ನಿಘಂಟು ಇಲ್ಲದಿದ್ದರೆ ಹಳೆಗನ್ನಡದ ಎಷ್ಟೋ ಶಬ್ದಗಳ ಮುಂದೆ ಈ ಓದುಗರೆಲ್ಲರೂ ಕೈಕಟ್ಟಿ ಕುಳಿತಿರಬೇಕಾಗುತ್ತಿತ್ತು. ಆದರೆ ಈ ಗ್ರಂಥಗಳಲ್ಲಿ ಹೆಚ್ಚಿನವು ಇಂಗ್ಲಿಷಿನಲ್ಲಿದ್ದವು, ಬೆಲೆಯೂ ಬಹಳ. ಯಾವ ಊರಿನ ಕಲ್ಲಿನಿಂದ ಅವು ಹುಟ್ಟಿದವೋ ಆ ಊರಿನವರಿಗೆ ಅವುಗಳ ಸುದ್ದಿ ಮುಟ್ಟಲೇ ಇಲ್ಲ. ಕಲ್ಲಿನಲ್ಲಿದ್ದುದನ್ನು ಕನ್ನಡದಲ್ಲಿ ಹೇಳಿ ಊರಿನವರಿಗೆ ತಿರುಗಿ ಮುಟ್ಟಿಸುವದು ಮಂಡಳದ ಪಾಲಿಗೆ ಬಂದ ಕೆಲಸ.

ಈಗ ಕೆಲಸದ ರೀತಿಯನ್ನು ನೋಡೋಣ. ಇಂಥ ಮಂಡಳಗಳ ಸದಸ್ಯರು ಸಂಬಳದವರಲ್ಲ. ವಾರವೆಲ್ಲ ಕೋರ್ಟಿನಲ್ಲಿಯೋ ಶಾಲೆಯಲ್ಲಿಯೋ ದುಡಿದು ರಜೆಯ ದಿನ ಬಂತೆಂದರೆ ರೊಟ್ಟಿಯ ಬುತ್ತಿ ಕಟ್ಟಿಕೊಂಡು, ಚಕ್ಕಡಿ ಸಿಕ್ಕಿದರೆ ಚಕ್ಕಡಿಯಲ್ಲಿ, ಇಲ್ಲದಿದ್ದರೆ ಕಾಲ್ನಡಿಗೆಯಲ್ಲಿ ಹಳ್ಳಿಗೆ ಹೋಗಬೇಕು. ಮೊದಲು ಊರ ಗೌಡನನ್ನೂ ಕುಲಕರ್ಣಿಯನ್ನೂ ಕಾಣುವದು ವಾಡಿಕೆ. ನಿಧಿಯ ಭ್ರಮೆಯಿಂದ ಹಳ್ಳಿಯವರು ಒಮ್ಮೊಮ್ಮೆ ಕಲ್ಲಿನ ಹತ್ತಿರ ಬಿಡುತ್ತಿರಲಿಲ್ಲ. ಅದೇ ಭ್ರಮೆಯಿಂದ ಕಲ್ಲನ್ನು ಕಿತ್ತು ಒಡೆದು ನೋಡಿದವರೂ ಉಂಟು. ಬರೆದ ಕಲ್ಲುಗಳು ಬಟ್ಟೆ ಒಗೆಯುವ ಬಂಡೆಯಾಗಿದ್ದವು, ಮೆಟ್ಟಿಲಾಗಿದ್ದವು, ಹಳ್ಳದ ಮೇಲಿನ ಹಾಸುಗಲ್ಲಾಗಿದ್ದವು. ಭಕ್ತಿಯಿಂದ ಎಣ್ಣೆಯನ್ನೂ ಸುಣ್ಣವನ್ನೂ ಬಳಿದು ಅಕ್ಷರಗಳನ್ನು ಮುಚ್ಚಿದ್ದು ಇನ್ನೊಂದು ತೊಂದರೆ. ಹಗೆತನದಿಂದ ಕೆಟ್ಟ ಶಾಸನಗಳಿಗಿಂತ ಭಕ್ತಿಯಿಂದ ಕೆಟ್ಟವು ಹೆಚ್ಚೋ ಏನೋ ಎಂದು ನಮಗೆ ಅನಿಸುವದುಂಟು.

ಕಲ್ಲನ್ನು ನೀರಿನಿಂದ ತೊಳೆದು, ನಾರಿನ ಕುಂಚದಿಂದ ಉಜ್ಜಿ, ಅಕ್ಷರದ ಸಂದಿನಲ್ಲಿದ್ದ ಮಣ್ಣನ್ನು ಬಿಡಿಸಬೇಕು. ಕಬ್ಬಿಣದ ಮೊನೆಯನ್ನು ಮುಟ್ಟಿಸಲಾಗದು. ಒಂದು ಗೀರು ಬಿದ್ದರೆ ಮುಂದಿನವರು ಅದನ್ನೇ ಅಕ್ಷರವೆಂದು ಓದುವರು. ಆಮೇಲೆ ತೋಯಿಸಿದ ಕಾಗದವನ್ನು ಕಲ್ಲಿನ ಮೈಗೆ ಅಂಟಿಸಿ, ಗಟ್ಟಿ ಕುಂಚದಿಂದ ಹದವಾಗಿ ಬಡಿಯುತ್ತ ಬಂದರೆ ಕಾಗದವು ಕೊರೆದ ಅಕ್ಷರಗಳ ತಗ್ಗಿನೊಳಗೆ ಇಳಿದು ಕೂಡುತ್ತದೆ. ಅರೆಬರೆ ಒಣಗಿದ ಹೊತ್ತಿಗೆ ಮಸಿಯಲ್ಲಿ ಅದ್ದಿದ ಬಟ್ಟೆಯ ಉಂಡೆಯನ್ನು ಅದರ ಮೇಲೆ ಮೆಲ್ಲಗೆ ತಟ್ಟುತ್ತ ಹೋದರೆ ಉಬ್ಬಿದ ಭಾಗವೆಲ್ಲ ಕಪ್ಪಾಗಿ, ತಗ್ಗಿನಲ್ಲಿಳಿದ ಅಕ್ಷರಗಳು ಬಿಳಿಯಾಗಿ ಉಳಿಯುತ್ತವೆ. ಇದಕ್ಕೆ ಪಡಿಯಚ್ಚು ಎನ್ನುತ್ತಾರೆ. ಗಾಳಿ ಎದ್ದರೆ ಕಾಗದ ಹರಿಯಿತು. ಬಿಸಿಲು ಏರಿದರೆ ಬೇಗ ಒಣಗಿ ಬಿರಿಯಿತು. ಆದಕಾರಣ ಬೆಳಗಿನ ತಂಪಿನಲ್ಲಿಯೇ ಕೆಲಸ ಮುಗಿಸಬೇಕು. ಹೊಲಿಗೆಯನ್ನೂ ಕಸೂತಿಯನ್ನೂ ಕಲಿತ ಕೈಗೆ ಈ ಕೆಲಸವು ವಕೀಲರ ಕೈಗಿಂತ ಚೆನ್ನಾಗಿ ಒಗ್ಗುತ್ತಿತ್ತೆಂಬದು ನಮ್ಮ ಎಣಿಕೆ.

ಓದುವ ಕೆಲಸ ಮನೆಯಲ್ಲಿ, ರಾತ್ರಿ ದೀಪದ ಬೆಳಕಿನಲ್ಲಿ. ದಾನಶಾಸನಕ್ಕೆ ಒಂದು ಕಟ್ಟಳೆ ಉಂಟು. ಕಲ್ಲಿನ ತಲೆಯಲ್ಲಿ ಲಿಂಗವೋ ಜಿನಮೂರ್ತಿಯೋ, ಆಚೆ ಈಚೆ ಸೂರ್ಯಚಂದ್ರರು, ಕರುವಿಗೆ ಹಾಲೂಡುವ ಆಕಳು. ಬರಹದಲ್ಲಿ ಮೊದಲು ಸ್ತುತಿ, ಆಮೇಲೆ ಆಳುವ ಅರಸನ ಬಿರುದುಗಳು, ಅವನ ಕೈಕೆಳಗಿನ ಸಾಮಂತನ ಹೆಸರು, ಆಮೇಲೆ ಕಾಲ, ಆಮೇಲೆ ಯಾರಿಗೆ ಯಾರು ಎಷ್ಟು ಮತ್ತರು ನೆಲವನ್ನು ಬಿಟ್ಟರೆಂಬ ವಿವರ ಮತ್ತು ಅದರ ಗಡಿಗಳು, ಕಡೆಯಲ್ಲಿ ಅಳಿದವರಿಗೆ ಶಾಪ. ಬಿರುದುಗಳನ್ನು ಓದಿ ಹಿಗ್ಗುವವರು ಬಹಳ. ಆದರೆ ಊರಿನ ನಿಜವಾದ ಚರಿತ್ರೆಯು ಆ ಗಡಿಗಳ ಸಾಲುಗಳಲ್ಲಿಯೇ ಅಡಗಿರುತ್ತದೆ. ಕೆರೆ, ತೋಟ, ಗಾಣ, ಸಂತೆಯ ಸುಂಕ ಎಲ್ಲವೂ ಅಲ್ಲಿಯೇ ಇರುವವು.

ಕಾಲವನ್ನು ಕಟ್ಟುವ ಲೆಕ್ಕವು ಮಕ್ಕಳಿಗೂ ತಿಳಿಯುವಂಥದು. ಶಕವರ್ಷಕ್ಕೆ 78 ಕೂಡಿಸಿದರೆ ಕ್ರಿಸ್ತಶಕ ಬರುವದು. ವರ್ಷದ ಕಡೆಯ ತಿಂಗಳುಗಳಾದರೆ 79. ಐಹೊಳೆಯ ಮೇಗುತಿ ಗುಡಿಯಲ್ಲಿರುವ ರವಿಕೀರ್ತಿಯ ಶಾಸನದಲ್ಲಿ ಶಕ 556 ಎಂದಿರುವದರಿಂದ ಅದು 634ನೆಯ ಇಸವಿಯದಾಯಿತು. ಆದರೆ ಸಂಖ್ಯೆಯೊಂದನ್ನೇ ನಂಬಲಾಗದು. ಅರುವತ್ತು ವರುಷಕ್ಕೊಮ್ಮೆ ತಿರುಗಿ ಬರುವ ಸಂವತ್ಸರದ ಹೆಸರೂ ತಿಥಿವಾರಗಳೂ ಅದಕ್ಕೆ ಹೊಂದಬೇಕು. ಹೊಂದದಿದ್ದರೆ ಓದಿದ್ದು ತಪ್ಪು, ಇಲ್ಲವೆ ಬರೆದದ್ದು ತಪ್ಪು, ಇಲ್ಲವೆ ಶಾಸನವೇ ಕೃತ್ರಿಮ. ಈ ತಾಳೆ ನೋಡುವದಕ್ಕೆ ಬೇಕಾದ ಕೋಷ್ಟಕಗಳನ್ನು ದಿವಾನ ಬಹಾದ್ದೂರ ಸ್ವಾಮಿಕಣ್ಣು ಪಿಳ್ಳೆಯವರು 1922ರಲ್ಲಿ ದೊಡ್ಡ ಸಂಪುಟಗಳಾಗಿ ಅಚ್ಚು ಮಾಡಿಸಿ ಮಹೋಪಕಾರ ಮಾಡಿದರು. ಅವರು ಮದ್ರಾಸಿನವರು, ಕ್ರೈಸ್ತರು.

ಇದರ ಒಳ್ಳೆಯ ದೃಷ್ಟಾಂತವು ವಿಜಯನಗರದ್ದು. ಆ ಪಟ್ಟಣದ ಸ್ಥಾಪನೆಯು ಶಕ 1258ನೆಯ ಧಾತು ಸಂವತ್ಸರದಲ್ಲಿ, ಎಂದರೆ 1336ರಲ್ಲಿ, ಆಯಿತೆಂದು ಪರಂಪರೆ. ಅಲ್ಲಿಂದ ಆರುನೂರು ವರುಷ ಎಣಿಸಿದರೆ ಸಂವತ್ಸರಚಕ್ರವು ಸರಿಯಾಗಿ ಹತ್ತು ಸುತ್ತು ತಿರುಗಿ 1936ರಲ್ಲಿ ತಿರುಗಿ ಧಾತು ಸಂವತ್ಸರವೇ ಬಂತು. ಆ ವರುಷ ಹಂಪೆಯಲ್ಲಿ ಷಟ್ಶತಮಾನೋತ್ಸವವು ನಡೆದು, ಅದರ ಸ್ಮಾರಕ ಗ್ರಂಥವು ಧಾರವಾಡದಿಂದ ಹೊರಟಿತು. ಸಣ್ಣ ಊರಿನ ಮಂಡಳವೊಂದು ನಾಡಿನ ಹಲವು ಕಡೆಯ ವಿದ್ವಾಂಸರ ಲೇಖನಗಳನ್ನು ಕೂಡಿಸಿದ ಆ ಗ್ರಂಥವನ್ನು ಇಂದಿಗೂ ಇತಿಹಾಸದ ವಿದ್ಯಾರ್ಥಿಗಳು ತೆರೆದು ನೋಡುತ್ತಾರೆ. ಆದರೆ ಸತ್ಯಕ್ಕಾಗಿ ಇನ್ನೊಂದು ಮಾತನ್ನೂ ಹೇಳಬೇಕು. 1336ರ ತಿಥಿಯನ್ನು ಹೇಳುವ ತಾಮ್ರಪಟಗಳು ನಂಬತಕ್ಕವಲ್ಲವೆಂದು ಅನೇಕ ವಿದ್ವಾಂಸರ ಮತ. ಹರಿಹರನೂ ಅವನ ತಮ್ಮಂದಿರೂ ಶೃಂಗೇರಿಯಲ್ಲಿ ಕೂಡಿ ದಾನ ಕೊಟ್ಟ 1346ರ ಶಿಲಾಶಾಸನವು ಗಟ್ಟಿಯಾದ ಆಧಾರ. ಅಭಿಮಾನವು ಉತ್ಸವವನ್ನು ಮಾಡಿಸುತ್ತದೆ; ಲೆಕ್ಕವು ಅದನ್ನು ತಡೆದು ನಿಲ್ಲಿಸಿ ಪ್ರಶ್ನೆ ಕೇಳುತ್ತದೆ. ಇವೆರಡೂ ಒಂದೇ ಮಂಡಳದೊಳಗೆ ಜಗಳವಾಡುತ್ತ ಇದ್ದದ್ದು ಒಳ್ಳೆಯದೇ ಆಯಿತು. ಗತವೈಭವದ ಬರವಣಿಗೆಯಲ್ಲಿ ಕೆಲವೆಡೆ ಬಣ್ಣ ಹೆಚ್ಚಾಗಿದೆಯೆಂದು ನಮಗೂ ತೋರುತ್ತದೆ. ಆದರೆ ಕನ್ನಡವು ಅಡಿಗೆಮನೆಯ ಭಾಷೆಯೆಂದು ಕನ್ನಡಿಗರೇ ನಾಚುತ್ತಿದ್ದ ಕಾಲದಲ್ಲಿ ಬರೆದದ್ದೆಂಬದನ್ನು ಮರೆಯದೆ ಅದನ್ನು ಓದತಕ್ಕದ್ದು.

ವಿದ್ವಾಂಸರಲ್ಲದವರಿಗೂ ಈ ಕ್ಷೇತ್ರದಲ್ಲಿ ಎಷ್ಟು ಎಡೆಯಿತ್ತೆಂಬದಕ್ಕೆ ಒಂದು ನಿದರ್ಶನ. ಮಂಡಳ ಹುಟ್ಟಿದ ಮರುವರುಷ, 1915ರಲ್ಲಿ, ನಿಜಾಮರ ಸೀಮೆಯ ಮಸ್ಕಿಯಲ್ಲಿ ಬಂಗಾರದ ಅದಿರನ್ನು ಹುಡುಕುತ್ತಿದ್ದ ಬೀಡನ್ನನೆಂಬ ಇಂಜಿನಿಯರನಿಗೆ ಬಂಡೆಯ ಮೇಲೆ ಅಕ್ಷರಗಳು ಕಂಡವು. ಅದು ಅಶೋಕನ ಶಾಸನವಾಗಿತ್ತು. ದೇವಾನಾಂಪ್ರಿಯನೆಂಬ ಬಿರುದಿನವನು ಅಶೋಕನೇ ಎಂಬದು ಆತನ ಹೆಸರಿದ್ದ ಆ ಕಲ್ಲಿನಿಂದಲೇ ನಿಸ್ಸಂದೇಹವಾಗಿ ತಿಳಿದುಬಂತು.

ಕಲ್ಲುಗಳಂತೆಯೇ ಓಲೆಗರಿಗಳೂ ಇತಿಹಾಸದ ಸಾಧನಗಳು. ಬಿಜಾಪುರದ ವಕೀಲರಾದ ಫ. ಗು. ಹಳಕಟ್ಟಿಯವರು ಮನೆಮನೆಗೆ, ಮಠಮಠಕ್ಕೆ ತಿರುಗಿ ಶರಣರ ವಚನಗಳ ಕಟ್ಟುಗಳನ್ನು ಕೂಡಿಹಾಕಿ 1923ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗವನ್ನು ಪ್ರಕಟಿಸಿದರು. 1925ರಲ್ಲಿ ಸ್ವಂತ ಮುದ್ರಣಾಲಯವನ್ನು ತೆರೆಯುವದಕ್ಕೆ ತಮ್ಮ ಮನೆಯನ್ನೇ ಮಾರಿದರು. ಒಬ್ಬನೇ ಮನುಷ್ಯನು ಒಂದು ಮಂಡಳದ ಕೆಲಸವನ್ನು ಮಾಡಿದ್ದುಂಟೆಂಬದಕ್ಕೆ ಅವರೇ ಸಾಕ್ಷಿ. ಕಲ್ಲು ಊರಿನ ಹೊರಗೆ ನಿಂತಿರುತ್ತದೆ, ಕಳ್ಳನೂ ಎತ್ತಲಾರನು. ಓಲೆಯಾದರೋ ಮನೆಯೊಳಗೆ ಅಟ್ಟದ ಮೇಲೆ ಇರುತ್ತದೆ. ಇಟ್ಟುಕೊಳ್ಳುವದೂ ಎಸೆಯುವದೂ ಮನೆಯ ಯಜಮಾನಿಯ ಕೈಯಲ್ಲಿ. ನಾವು ಬಲ್ಲ ಒಂದು ಮನೆಯಲ್ಲಿ ಮುತ್ತಜ್ಜನ ಕಾಲದ ಎರಡು ಕಟ್ಟು ಓಲೆಗಳಿದ್ದವು. ಹುಳ ಬಿದ್ದವೆಂದು ಹಬ್ಬದ ಸಾರಣೆಯ ದಿನ ಅವುಗಳನ್ನು ನೀರೊಲೆಗೆ ಹಾಕಿದರು. "ಎರಡು ಹಂಡೆ ನೀರು ಕಾದವು ನೋಡ್ರಿ" ಎಂದು ಆ ಮನೆಯ ಅಜ್ಜಿಯವರು ನಮಗೆ ನಗುತ್ತ ಹೇಳಿದರು. ಅವರನ್ನು ದೂಷಿಸುವದು ಹೇಗೆ? ಅವರಿಗೆ ಓದು ಕಲಿಸಿದವರು ಯಾರೂ ಇರಲಿಲ್ಲ. ಆ ಕಟ್ಟುಗಳಲ್ಲಿ ಏನಿತ್ತೆಂದು ಆ ಮನೆಯ ಗಂಡಸರೂ ಒಂದು ದಿನ ಬಿಚ್ಚಿ ನೋಡಿದವರಲ್ಲ.

ಇಲ್ಲಿ ನಮ್ಮ ಮನಸ್ಸಿನಲ್ಲಿ ಬಹುದಿವಸದಿಂದ ಇರುವ ಒಂದು ಮಾತು. ಆ ಕಾಲದ ಇಂಥ ಮಂಡಳಗಳ ಪಟ್ಟಿಗಳಲ್ಲಿ ಹೆಂಗಸರ ಹೆಸರು ಕಾಣುವದು ತೀರ ಅಪರೂಪ. ಆದರೆ ಅವರು ಓದಿದ ಕಲ್ಲುಗಳಲ್ಲಿ ಹೆಂಗಸರು ತುಂಬಿದ್ದಾರೆ. ಪಟ್ಟದಕಲ್ಲಿನ ದೊಡ್ಡ ಗುಡಿಯನ್ನು ಎಂಟನೆಯ ಶತಮಾನದಲ್ಲಿ ಕಟ್ಟಿಸಿದವಳು ಇಮ್ಮಡಿ ವಿಕ್ರಮಾದಿತ್ಯನ ರಾಣಿ ಲೋಕಮಹಾದೇವಿ. ಗಂಡನು ಕಂಚಿಯನ್ನು ಗೆದ್ದ ನೆನಪಿಗಾಗಿ ಕಟ್ಟಿಸಿದ್ದೆಂದು ಶಾಸನವು ಹೇಳುತ್ತದೆ. ಲಕ್ಕುಂಡಿಯಲ್ಲಿ ಜಿನಾಲಯವನ್ನು ಕಟ್ಟಿಸಿದ ಅತ್ತಿಮಬ್ಬೆಯ ಶಾಸನವು 1007ರದು. ಅಚ್ಚಿನ ಯಂತ್ರವಿಲ್ಲದ ಕಾಲದಲ್ಲಿ ಪೊನ್ನಕವಿಯ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಕೈಯಿಂದ ಬರೆಯಿಸಿ ಹಂಚಿದ ಮಹಾತಾಯಿ ಈಕೆಯೇ. ಗುಣದಬೆಡಂಗಿಯೆಂಬ ಬಿರುದಿನ ಅಕ್ಕಾದೇವಿಯು ಚಾಲುಕ್ಯ ಜಯಸಿಂಹನ ಅಕ್ಕ. ಕಿಸುಕಾಡು ಎಪ್ಪತ್ತನ್ನು ಆಳಿದವಳು. 1047ರಲ್ಲಿ ಗೋಕಾಗೆಯ, ಎಂದರೆ ಗೋಕಾವಿಯ, ಕೋಟೆಗೆ ಮುತ್ತಿಗೆ ಹಾಕಿದ್ದಳು. ಆಕೆ ಇದ್ದ ಊರಿಗೆ ಇಂದಿಗೂ ಅರಸಿಬೀಡಿ ಎಂದೇ ಹೆಸರು.

ದುಃಖದ ಕಲ್ಲುಗಳೂ ಉಂಟು. ಬಳೆ ತೊಟ್ಟು ಎತ್ತಿದ ತೋಳೊಂದನ್ನು ಕೊರೆದ ಮಾಸ್ತಿಕಲ್ಲುಗಳನ್ನು ಹಳ್ಳಿಗಳಲ್ಲಿ ಅನೇಕರು ನೋಡಿರಬಹುದು. ಹೆಗ್ಗಡದೇವನಕೋಟೆಯ ಕಡೆಯ ಬೆಳತೂರಿನಲ್ಲಿ 1057ರ ಶಾಸನವೊಂದಿದೆ. ಗಂಡನು ಸತ್ತನೆಂದು ಕೇಳಿ ದೇಕಬ್ಬೆಯೆಂಬ ತರುಣಿಯು ಬೆಂಕಿಯನ್ನು ಹೊಗಲು ನಿಂತಾಗ ತಾಯಿತಂದೆಗಳು ಬೇಡವೆಂದು ಎಷ್ಟು ಬೇಡಿಕೊಂಡರೂ ಆಕೆ ಕೇಳದೆ ಹೋದದ್ದು ಅದರಲ್ಲಿ ಬರೆದಿದೆ. ಕೊರೆಯಿಸಿದವರು ಅವಳ ಧೈರ್ಯವನ್ನು ಹೊಗಳುವದಕ್ಕಾಗಿ ಕೊರೆಯಿಸಿದರು. ನಮಗೆ ಆ ತಾಯಿತಂದೆಗಳ ಮಾತುಗಳ ಮೇಲೆಯೇ ಕಣ್ಣು ನಿಲ್ಲುತ್ತದೆ. ಓದುವವರು ಬೇರೆಯಾದರೆ ಅದೇ ಕಲ್ಲಿನಲ್ಲಿ ಕಾಣುವದೂ ಬೇರೆಯಾಗುವದಲ್ಲವೆ? ಮಂಡಳಗಳಲ್ಲಿ ಹೆಂಗಸರಿಲ್ಲದೆ ಹೋದದ್ದರಿಂದ ಆದ ನಷ್ಟವು ಬರಿಯ ಪಟ್ಟಿಯ ನಷ್ಟವಲ್ಲ.

ಮಂಡಳದ ಮುಂದಿನ ಕಥೆಯನ್ನು ಬೇಗನೆ ಹೇಳಿ ಮುಗಿಸಬಹುದು. ಅದು 1930ರ ದಶಕದಲ್ಲಿ ಇಂಗ್ಲಿಷಿನಲ್ಲಿ ಒಂದು ಇತಿಹಾಸ ಪತ್ರಿಕೆಯನ್ನು ನಡೆಯಿಸಿತು. 1939ರಲ್ಲಿ ಮುಂಬಯಿ ಸರಕಾರದವರು ಧಾರವಾಡದಲ್ಲಿಯೇ ಕನ್ನಡ ಸಂಶೋಧನ ಸಂಸ್ಥೆಯನ್ನು ತೆರೆದು ರಾ. ಶ್ರೀ. ಪಂಚಮುಖಿಯವರನ್ನು ನಿರ್ದೇಶಕರನ್ನಾಗಿ ಮಾಡಿದರು. ಆ ಸಂಸ್ಥೆಯು ಮುಂದೆ ಕರ್ನಾಟಕ ವಿಶ್ವವಿದ್ಯಾಲಯಕ್ಕೆ ಸೇರಿತು. ರಜೆಯ ದಿನಗಳಲ್ಲಿ ನಡೆದ ಕೆಲಸವು ಹೀಗೆ ಸಂಬಳದ ಕೆಲಸವಾಯಿತು. 1956ನೆಯ ಇಸವಿಯ ನವಂಬರ 1ರಂದು ಕನ್ನಡ ನಾಡು ಒಂದಾದಾಗ ಆಲೂರ ವೆಂಕಟರಾಯರು ಬದುಕಿದ್ದರು, 1964ರಲ್ಲಿ ತೀರಿಕೊಂಡರು.

ನಮ್ಮ ಶಾಲೆಯ ಹುಡುಗಿಯರಿಗೆ ಈ ಸಂಗತಿಗಳನ್ನು ಹೇಳಿಕೊಟ್ಟಾಗ, ತಾವೂ ಒಂದು ಪಡಿಯಚ್ಚು ತೆಗೆಯಬೇಕೆಂದು ಅವರು ಹಟ ಹಿಡಿದರು. ಚಾಲುಕ್ಯರ ಕಲ್ಲಿಗೆ ಮಸಿ ಬಳಿಯುವ ಅಧಿಕಾರ ನಮಗಿಲ್ಲವಾದ್ದರಿಂದ ಒಂದು ಶನಿವಾರ ಬೆಳಿಗ್ಗೆ ಮಿಶನಿನ ಹಳೆಯ ಸಮಾಧಿಭೂಮಿಗೆ ಅವರನ್ನು ಕರೆದುಕೊಂಡು ಹೋದೆವು. ತೆಳುವಾದ ಕಾಗದವನ್ನು ಕಲ್ಲಿನ ಮೇಲೆ ಹಿಡಿದು ಮೇಣದ ಬಣ್ಣದ ಕಡ್ಡಿಯಿಂದ ಉಜ್ಜಿದರೆ ಕಲ್ಲಿಗೆ ಕೇಡಿಲ್ಲದೆ ಅಕ್ಷರಗಳು ಮೂಡುವವು. ಜರ್ಮನ್ ಭಾಷೆಯ ಕಲ್ಲುಗಳು ಎರಡು ಮೂರು, ಉಳಿದವು ಕನ್ನಡದವು. ಅವುಗಳಲ್ಲಿ ಒಂದು ಚಿಕ್ಕ ಕಲ್ಲಿನಲ್ಲಿ "ಉಪಾಧ್ಯಾಯಿನಿ" ಎಂಬ ಶಬ್ದವೂ, ಇಸವಿಯ ಮೊದಲಿನ ಎರಡು ಅಂಕಿಗಳೂ ಮಾತ್ರ ಉಳಿದಿದ್ದವು. ಹೆಸರಿದ್ದ ಸಾಲನ್ನು ಮಳೆಯು ತಿಂದುಹಾಕಿತ್ತು. ಹುಡುಗಿಯರು ನಾಲ್ಕು ಸಾರಿ ಉಜ್ಜಿ ನೋಡಿದರು, ಓರೆಯಾಗಿ ಬೆಳಕು ಬೀಳಲೆಂದು ಕನ್ನಡಿಯನ್ನೂ ಹಿಡಿದು ನೋಡಿದರು. ಏನೂ ತೋರಲಿಲ್ಲ.

ಮರುದಿನ ಆರಾಧನೆ ಮುಗಿದ ಮೇಲೆ ಅವರಲ್ಲಿ ಒಬ್ಬಳು, ಸಭೆಯಲ್ಲಿ ಎಲ್ಲರಿಗಿಂತ ವಯಸ್ಸಾದ ಅಜ್ಜಿಯವರ ಬಳಿಗೆ ಹೋಗಿ ಆ ಕಲ್ಲು ಯಾವ ಗೋಡೆಯ ಹತ್ತಿರ, ಯಾವ ಮರದ ಕೆಳಗೆ ಇದೆಯೆಂದು ವಿವರಿಸಿದಳು. ಅಜ್ಜಿಯವರು ಸ್ವಲ್ಪ ಹೊತ್ತು ಕಣ್ಣು ಮುಚ್ಚಿಕೊಂಡು ಕುಳಿತರು. ಆಮೇಲೆ, "ನಮ್ಮವ್ವಗ ಅಕ್ಷರಾ ಕಲಿಸಿದಾಕಿ ಆಕಿ" ಎಂದು ಹೆಸರನ್ನು ಹೇಳಿದರು. ಹುಡುಗಿಯರು ಆ ಹೆಸರನ್ನೂ, ಹೇಳಿದವರ ಹೆಸರನ್ನೂ, ಹೇಳಿದ ದಿವಸವನ್ನೂ ಪಡಿಯಚ್ಚಿನ ಕೆಳಗೆ ಬರೆದು ಶಾಲೆಯ ಗ್ರಂಥಾಲಯದ ಕಪಾಟಿನಲ್ಲಿ ಇಟ್ಟಿದ್ದಾರೆ.